ಜಗದಾಂಬಾ ಅವರ ಯಜಮಾನರಿಗೂ ಒಂದು ಎಲೆ

ಮನಶ್ಶಾಸ್ತ್ರ ವಿಭಾಗ, ಬೆಂಗಳೂರು
೧೪ ಜೂನ್ ೨೦೨೫

ಶ್ರೀಮತಿ ಪುಟ್ಟಲಕ್ಷ್ಮಿ ಅವರಿಗೆ,

ನಮ್ಮ ಅಧ್ಯಯನದಲ್ಲಿ ಭಾಗವಹಿಸಲು ಒಪ್ಪಿ ಸಹಿ ಮಾಡಿದ್ದಕ್ಕೆ ವಂದನೆಗಳು. ನಿಮ್ಮ ಮಗಳು ಜ್ಯೋತಿಲಕ್ಷ್ಮಿ ಅವರ ಎದುರಿನಲ್ಲಿ ಹೇಳಿದ್ದನ್ನೇ ಇಲ್ಲಿ ಮತ್ತೊಮ್ಮೆ ಬರೆಯುತ್ತಿದ್ದೇನೆ.

ಗಂಡನನ್ನು ಕಳೆದುಕೊಂಡವರು ತಮ್ಮಂತೆಯೇ ಇರುವ ಇನ್ನೊಬ್ಬ ಮಹಿಳೆಯ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡರೆ ದುಃಖದಲ್ಲಿ ಏನಾದರೂ ವ್ಯತ್ಯಾಸ ಆಗುತ್ತದೆಯೇ ಎಂದು ತಿಳಿಯುವುದು ನಮ್ಮ ಉದ್ದೇಶ. ನಿಮಗೆ ಬರೆಯುವವರು ಕೆಂಗೇರಿ ಕಡೆಯ ಜಗದಾಂಬಾ. ನೀವು ಕೈಯಲ್ಲಿ ಬರೆದ ಪತ್ರವನ್ನು ನಮ್ಮ ವಿಭಾಗಕ್ಕೆ ಅಂಚೆಯಲ್ಲಿ ಕಳುಹಿಸಿ. ನಾವು ಅದನ್ನು ಟೈಪ್ ಮಾಡಿ ಅವರಿಗೆ ಮುಟ್ಟಿಸುತ್ತೇವೆ. ಅವರ ಪತ್ರವೂ ಹಾಗೆಯೇ ಟೈಪ್ ಆಗಿ ನಿಮಗೆ ಬರುತ್ತದೆ. ವಿಳಾಸ, ಫೋನ್ ನಂಬರ್ ಕೊಟ್ಟು ತೆಗೆದುಕೊಳ್ಳುವಂತಿಲ್ಲ. ತಿಂಗಳಿಗೊಮ್ಮೆ ನಾನು ಫೋನಿನಲ್ಲಿ ಕೆಲವು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಡ ಎನಿಸಿದ ದಿನ ಕಾರಣ ಹೇಳದೆ ನಿಲ್ಲಿಸಬಹುದು.

ಏನು ಬೇಕಾದರೂ ಬರೆಯಬಹುದು.

ಇಂತಿ,
ಅಪೂರ್ವ
ಸಂಶೋಧನಾ ವಿದ್ಯಾರ್ಥಿನಿ


ಚಂದ್ರಾ ಲೇಔಟ್
೨೯ ಜೂನ್ ೨೦೨೫

ಜಗದಾಂಬಾ ಅವರಿಗೆ ನಮಸ್ಕಾರ.

ಏನು ಬೇಕಾದರೂ ಬರೆಯಬಹುದು ಎಂದಿದ್ದಾರೆ. ಹಾಗೆಂದರೆ ಕಷ್ಟ. ಎರಡು ವಾರದಿಂದ ಹಾಳೆ ಇಟ್ಟುಕೊಂಡು ಕುಳಿತಿದ್ದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಯಜಮಾನರು ಹೋದ ಮೇಲೆ ಒಂದು ಡೈರಿ ಇಟ್ಟಿದ್ದೇನೆ. ಹಾಲು ಒಡೆಯಿತು, ಕರೆಂಟ್ ಇರಲಿಲ್ಲ, ಜ್ಯೋತಿ ಬಂದಿದ್ದಳು, ಇಂಥವನ್ನೇ ಬರೆಯುತ್ತೇನೆ. ಯಾರೂ ಓದುವುದಿಲ್ಲ, ಅದಕ್ಕೇ ಸುಲಭ.

ನಮ್ಮ ಯಜಮಾನರ ಹೆಸರು ವೆಂಕಟಸ್ವಾಮಿ. ರಾಜಾಜಿನಗರದ ಫ್ಯಾಕ್ಟರಿಯೊಂದರಲ್ಲಿ ಲೇತ್ ಕೆಲಸ ಮಾಡಿ ರಿಟೈರ್ ಆಗಿದ್ದರು. ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ನಾನು ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕುತ್ತೇನೆ, ಬ್ಲೌಸಿಗೆ ಹುಕ್ ಹೊಲಿಯುತ್ತೇನೆ. ಒಬ್ಬಳೇ ಮಗಳು ಜ್ಯೋತಿ, ರಾಜರಾಜೇಶ್ವರಿನಗರದಲ್ಲಿ ಇದ್ದಾಳೆ, ಭಾನುವಾರ ಬರುತ್ತಾಳೆ. ಯಜಮಾನರ ಅಕ್ಕ ಪಟಾಲಮ್ಮ ನನ್ನ ಜೊತೆಯಲ್ಲೇ ಇದ್ದಾರೆ. ಅವರಿಗೆ ಕಿವಿ ಚುರುಕು, ಬಾಯಿ ಇನ್ನೂ ಚುರುಕು. ನಾನು ಇದನ್ನು ಬರೆಯುವುದನ್ನು ನೋಡಿ, “ಯಾರಿಗೇ ಅದು, ಲವ್ ಲೆಟ್ರಾ?” ಎಂದರು.

ನಿಮ್ಮ ಸಮಾಚಾರ ಏನು? ತೊಂದರೆ ಇಲ್ಲದಿದ್ದರೆ ಬರೆಯಿರಿ.

ಪುಟ್ಟಲಕ್ಷ್ಮಿ


೧೨ ಜುಲೈ ೨೦೨೫

ಆತ್ಮೀಯ ಪುಟ್ಟಲಕ್ಷ್ಮಿ ಅವರೇ,

ನಿಮ್ಮ ಪತ್ರ ಓದಿ ಮನಸ್ಸಿಗೆ ಹಿತವೆನಿಸಿತು. ನನ್ನ ಪತಿ ಉದಯಕುಮಾರ್ ಶಾಲಾ ಶಿಕ್ಷಕರಾಗಿದ್ದರು. ಅವರು ಅಗಲಿ ಎರಡು ವರ್ಷವಾಗುತ್ತಾ ಬಂತು. ಈಗ ನಾನು ತಮ್ಮನ ಮನೆಯಲ್ಲಿದ್ದೇನೆ. ಮನೆಯ ತುಂಬ ಜನರಿದ್ದರೂ ಒಂಟಿತನ ತಪ್ಪಿಲ್ಲ. ಎಲ್ಲರೂ ಧೈರ್ಯ ತಂದುಕೋ ಎನ್ನುತ್ತಾರೆ. ಎಲ್ಲಿಂದ ತರುವುದು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಿಮಗೂ ಹೀಗೆ ಅನಿಸಿದ್ದುಂಟೇ? ನಿಮ್ಮ ಅನಿಸಿಕೆಗಳನ್ನು ಮುಕ್ತವಾಗಿ ಬರೆಯಿರಿ.

ನಿಮ್ಮ,
ಜಗದಾಂಬಾ


ಚಂದ್ರಾ ಲೇಔಟ್
೨೨ ಜುಲೈ ೨೦೨೫

ಜಗದಾಂಬಾ ಅವರಿಗೆ ನಮಸ್ಕಾರ.

ನಿಮ್ಮ ಕನ್ನಡ ಬಹಳ ಚೆನ್ನಾಗಿದೆ. ಮೇಷ್ಟರ ಮನೆಯವರಲ್ಲವೇ, ಇದ್ದೇ ಇರುತ್ತದೆ. ನನ್ನ ತಪ್ಪುಗಳನ್ನು ಅವರು ಟೈಪ್ ಮಾಡುವಾಗ ತಿದ್ದಿರುತ್ತಾರೆ ಎಂದುಕೊಂಡಿದ್ದೇನೆ.

ಮುಕ್ತವಾಗಿ ಬರೆಯಿರಿ ಎಂದಿದ್ದೀರಿ, ಅದಕ್ಕೆ ಬರೆಯುತ್ತೇನೆ. ಆವತ್ತು ಬೆಳಿಗ್ಗೆ ಇವರು ಎದೆ ಒತ್ತಿಕೊಂಡು ಕುಳಿತಿದ್ದರು.

“ನಡೀರಿ, ಆಸ್ಪತ್ರೆಗೆ ಹೋಗಣ” ಎಂದೆ.

“ಗ್ಯಾಸು ಕಣೇ. ನಿನ್ನ ಆಲೂಗಡ್ಡೆ ಬೋಂಡಾ ಮಾಡಿರೋ ಕೆಲ್ಸ.”

“ಬೆವರ್ತಾ ಇದೀರಿ.”

“ಮಾರ್ಚಲ್ಲಿ ಬೆವರ್ದೆ ಚಳಿ ಆಗುತ್ತಾ? ಸುಮ್ನಿರು. ಅಡುಗೆಯವ್ರ ಹತ್ರ ನಿಂತ್ಕೋತೀನಿ ಅಂತ ಮಾತು ಕೊಟ್ಟಿದೀನಿ.”

ಕೆಂಗೇರಿ ಉಪನಗರದಲ್ಲಿ ಅವರ ಫ್ಯಾಕ್ಟರಿ ಸ್ನೇಹಿತರ ಗೃಹಪ್ರವೇಶ ಇತ್ತು. ಹೋದರು. ಅಡುಗೆಯವರ ಹತ್ತಿರ ನಿಂತರು. ಊಟ ಮಾಡಿದರು. ವಾಪಸ್ ಬರುವಾಗ ಅತ್ತಿಗುಪ್ಪೆ ಮೆಟ್ರೋದಲ್ಲಿ ಇಳಿದು ಮೆಟ್ಟಿಲ ಕೆಳಗೆ ಕುಳಿತವರು ಏಳಲಿಲ್ಲ. ತಾಂಬೂಲದ ಚೀಲ ಕೈಯಲ್ಲೇ ಇತ್ತಂತೆ.

ಎಲ್ಲರೂ ನನಗೆ ಅತ್ತುಬಿಡು, ಹಗುರ ಆಗುತ್ತೆ ಎನ್ನುತ್ತಾರೆ. ನನಗೆ ಅಳು ಬರುವುದಿಲ್ಲ ಜಗದಾಂಬಾ ಅವರೇ, ಸಿಟ್ಟು ಬರುತ್ತದೆ. ಫೋಟೊಗೆ ಹೂ ಹಾಕುವಾಗ ಬೈದುಕೊಂಡೇ ಹಾಕುತ್ತೇನೆ. ನಾನು ಹೇಳಿದ್ದೆ, ನಾನು ಹೇಳಿದ್ದೆ ಎನ್ನುತ್ತೇನೆ. ಜ್ಯೋತಿಗೆ ಇದನ್ನು ಹೇಳಿಲ್ಲ. ಅಕ್ಕನಿಗೆ ಹೇಳುವ ಹಾಗಿಲ್ಲ, ಅವರ ತಮ್ಮ. ಡೈರಿಯಲ್ಲೂ ಬರೆದಿಲ್ಲ, ನಾಳೆ ನಾನು ಸತ್ತ ಮೇಲೆ ಯಾರಾದರೂ ತೆರೆದು ನೋಡಿದರೆ? ನಿಮ್ಮ ಮುಖ ನಾನು ನೋಡಿಲ್ಲ, ನೀವು ನನ್ನ ಮುಖ ನೋಡಿಲ್ಲ. ಆ ಧೈರ್ಯದ ಮೇಲೆ ಬರೆದೆ.

ಸತ್ತವರ ಮೇಲೆ ಸಿಟ್ಟು ಮಾಡುವವಳನ್ನು ನೀವು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ.

ಪುಟ್ಟಲಕ್ಷ್ಮಿ


೫ ಆಗಸ್ಟ್ ೨೦೨೫

ಪುಟ್ಟಲಕ್ಷ್ಮಿ ಅವರೇ,

ನನಗೂ ಹಾಗೇ.

ಉದಯಕುಮಾರ್ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸಿಹಿ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿದ್ದರೂ ಕೇಳುತ್ತಿರಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ಪುಸ್ತಕದ ಕಪಾಟಿನಲ್ಲಿ ಬಚ್ಚಿಡುತ್ತಿದ್ದರು. ಇರುವೆ ಸಾಲು ಹಿಡಿದು ನಾನು ಕಂಡುಹಿಡಿಯುತ್ತಿದ್ದೆ. ಈಗ ಆ ಕಪಾಟು ನೋಡಿದರೆ ನನಗೂ ದುಃಖಕ್ಕಿಂತ ಮೊದಲು ಸಿಟ್ಟೇ ಬರುತ್ತದೆ.

ನೀವು ಒಬ್ಬರೇ ಅಲ್ಲ.

ಜಗದಾಂಬಾ


ಚಂದ್ರಾ ಲೇಔಟ್
೨೪ ಆಗಸ್ಟ್ ೨೦೨೫

ಜಗದಾಂಬಾ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ಡೈರಿಯಲ್ಲಿ “ಜಗದಾಂಬಾ ಅವರಿಗೂ ಹಾಗೇ” ಎಂದಷ್ಟೇ ಬರೆದೆ. ಬೇರೆ ಏನೂ ಬರೆಯಬೇಕು ಎನಿಸಲಿಲ್ಲ. ಇರುವೆ ಸಾಲಿನ ವಿಷಯ ಓದಿ ಒಬ್ಬಳೇ ನಕ್ಕೆ. ಅಕ್ಕ ಒಳಗಿನಿಂದ, “ಲವ್ ಲೆಟ್ರು ಬಂತೇನೋ” ಎಂದರು.

ಮೊನ್ನೆ ಅಪೂರ್ವ ಫೋನ್ ಮಾಡಿ, “ಮನಸ್ಸಿನ ಭಾರ ಹತ್ತಕ್ಕೆ ಎಷ್ಟು ಅಂತೀರಾ ಆಂಟಿ?” ಎಂದಳು. ನಾಲ್ಕು ಎಂದೆ. ಮೊದಲ ಸಲ ಒಂಬತ್ತು ಎಂದಿದ್ದೆ. ಆ ಹುಡುಗಿಗೆ ಬಹಳ ಸಂತೋಷವಾಯಿತು.

ಮುಂದಿನ ತಿಂಗಳು ಮಹಾಲಯ ಅಮಾವಾಸ್ಯೆ. ವರ್ಷದ ಕಾರ್ಯ ಆದ ಮೇಲೆ ನಮ್ಮ ಯಜಮಾನರಿಗೆ ಇದು ಮೊದಲ ಎಡೆ. ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ಅವರು ಬಂದು ಊಟ ಮಾಡಿ ಹೋಗುತ್ತಾರೆ. ನಿಮ್ಮಲ್ಲಿ ಹೇಗೆ? ನಿಮ್ಮ ಯಜಮಾನರಿಗೆ ಯಾರು ಎಡೆ ಇಡುತ್ತಾರೆ?

ಪುಟ್ಟಲಕ್ಷ್ಮಿ


೬ ಸೆಪ್ಟೆಂಬರ್ ೨೦೨೫

ಪುಟ್ಟಲಕ್ಷ್ಮಿ ಅವರೇ,

ನಮ್ಮಲ್ಲಿ ಅವರಿಗೆ ಇಡುವವರು ಯಾರೂ ಇಲ್ಲ. ನಮಗೆ ಮಕ್ಕಳಿಲ್ಲ. ತಮ್ಮನ ಮನೆಯಲ್ಲಿ ನನ್ನ ಗಂಡನ ಕಡೆಯವರಿಗೆ ಮಾಡುವ ಪದ್ಧತಿ ಇಲ್ಲ. ಆ ದಿನ ನಾನು ಸುಮ್ಮನೆ ಕುಳಿತಿರುತ್ತೇನೆ. ಅವರಿಗೆ ಮೈಸೂರು ಪಾಕ್ ಮತ್ತು ಫಿಲ್ಟರ್ ಕಾಫಿ ಎಂದರೆ ಪ್ರಾಣ. ಅದನ್ನು ನೆನೆಸಿಕೊಳ್ಳುತ್ತೇನೆ, ಅಷ್ಟೇ.

ಹಬ್ಬದ ದಿನಗಳು ನಮ್ಮಂಥವರಿಗೆ ಎಲ್ಲ ದಿನಗಳಿಗಿಂತ ಭಾರ. ನಿಮಗೂ ಹಾಗೆಯೇ ಇರಬಹುದು.

ಜಗದಾಂಬಾ


ಚಂದ್ರಾ ಲೇಔಟ್
೨೩ ಸೆಪ್ಟೆಂಬರ್ ೨೦೨೫

ಜಗದಾಂಬಾ ಅವರಿಗೆ ನಮಸ್ಕಾರ.

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕೇಳಿ ಉತ್ತರ ಬರುವಷ್ಟರಲ್ಲಿ ಅಮಾವಾಸ್ಯೆ ಮುಗಿದು ಹೋಗುತ್ತಿತ್ತು. ಭಾನುವಾರ ನಿಮ್ಮ ಯಜಮಾನರಿಗೂ ಒಂದು ಎಲೆ ಹಾಕಿದೆ.

ಅಕ್ಕ ಮೊದಲು ಒಪ್ಪಲಿಲ್ಲ. “ಯಾರ ಮನೆ ಗಂಡಸಿಗೋ ನಮ್ಮನೇಲಿ ಎಲೆ ಹಾಕ್ತೀಯೇನೇ? ತಲೆ ಗಿಲೆ ಕೆಟ್ಟಿದ್ಯಾ?” ಎಂದರು.

“ಅವ್ರಿಗೆ ಇಡೋರು ಇಲ್ವಂತೆ ಅಕ್ಕಾ.”

“ಇಲ್ದೋರು ಊರ್ತುಂಬಾ ಇದಾರೆ. ಒಂದ್ಸಲ ಕರೆದ್ಮೇಲೆ ವರ್ಷಾ ವರ್ಷಾ ಕರೀಬೇಕು, ಗೊತ್ತಾ? ನಡುವೆ ಬಿಟ್ರೆ ಬಾಗ್ಲಲ್ಲೇ ಕಾಯ್ಕೊಂಡು ನಿಂತಿರ್ತಾರೆ.”

“ಕರೀತೀನಿ ಬಿಡಿ.”

“ಮಾಂಸ ತಿಂತಾರಾ?”

“ಮೇಷ್ಟ್ರು. ಮೈಸೂರು ಪಾಕು, ಫಿಲ್ಟರ್ ಕಾಫಿ ಅಂದ್ರು. ತಿನ್ನಲ್ಲ ಅನ್ಸುತ್ತೆ.”

“ಹಂಗಾದ್ರೆ ನಮ್ಮ ವೆಂಕಟನ ಪಕ್ಕ ಕೂರಿಸ್ಬೇಡ. ಇವನ ಬ್ರಾಂದಿ ವಾಸ್ನೆಗೇ ಎದ್ದು ಹೋಗ್ತಾರೆ.”

ಅದಕ್ಕೆ ನಿಮ್ಮವರ ಅಡುಗೆಯನ್ನೇ ಮೊದಲು ಮಾಡಿದೆ. ಒಲೆ ತೊಳೆದು, ಹೊಸ ಬಾಣಲಿ ಇಟ್ಟೆ. ಮೈಸೂರು ಪಾಕ್ ನನಗೆ ಅಭ್ಯಾಸವಿಲ್ಲ. ಮೊದಲನೆಯದು ಕಲ್ಲಾಯಿತು. “ಇದನ್ನ ಮೆಟ್ರೋ ಕಂಬಕ್ಕೆ ಹಾಕ್ಬೋದಮ್ಮ” ಎಂದಳು ಜ್ಯೋತಿ. ಎರಡನೆಯದು ಪರವಾಗಿಲ್ಲ. ಫಿಲ್ಟರನ್ನು ಮಹಡಿ ಮನೆಯವರಿಂದ ಇಸಕೊಂಡೆ. ಫೋಟೊ ಇಲ್ಲದ್ದರಿಂದ ಒಂದು ಚೊಂಬಿಗೆ ವೀಳ್ಯದೆಲೆ, ತೆಂಗಿನಕಾಯಿ ಇಟ್ಟು ಕಳಶ ಮಾಡಿದೆ. ದೇವರ ಮೂಲೆಯ ಹತ್ತಿರ ಅವರನ್ನು ಕೂರಿಸಿದೆ. ಇವರ ಎಲೆ ಟೀವಿ ಕಡೆಗೆ, ಮುದ್ದೆ, ಮಟನ್ ಸಾರು, ಕಜ್ಜಾಯ, ಬೀಡಿ, ಒಂದು ಲೋಟ ಬ್ರಾಂದಿ. ಈಗ ಸಕ್ಕರೆ ಕಾಯಿಲೆಯ ಭಯವಿಲ್ಲವಲ್ಲ, ನಿಮ್ಮವರಿಗೆ ಮೂರು ತುಂಡು ಬಡಿಸಿದೆ. ನೀವು ಬೈಯಬೇಡಿ.

ಬಾಗಿಲು ಮುಚ್ಚುವ ಮೊದಲು ಇವರ ಫೋಟೊದ ಎದುರು ನಿಂತೆ. ಬೈಯಲು ಬಾಯಿ ಬರಲಿಲ್ಲ, ಮನೆಗೆ ಬೇರೆಯವರು ಬಂದಿದ್ದಾರಲ್ಲ. “ಮೇಷ್ಟ್ರು ಬಂದಿದಾರೆ, ಚೆನ್ನಾಗಿ ಮಾತಾಡ್ಸಿ” ಎಂದೆ. ಹೊರಗೆ ಬಂದು ವರಾಂಡದಲ್ಲಿ ಕುಳಿತಾಗ ಅಳು ಬಂತು. ಅಕ್ಕ ಪಕ್ಕದಲ್ಲಿ ಬಂದು ಕುಳಿತರು. ಅವರೂ ಅತ್ತರು.

ಆಮೇಲೆ ತಾರಸಿಯಲ್ಲಿ ಎರಡು ಎಲೆಯಿಂದಲೂ ತೆಗೆದು ಇಟ್ಟೆವು. ಕಾಗೆ ಮೊದಲು ಮೈಸೂರು ಪಾಕನ್ನೇ ಕಚ್ಚಿಕೊಂಡು ಹೋಯಿತು. ನಿಮ್ಮವರು ಬಂದಿದ್ದರು. ಇದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು.

ವಿಳಾಸ ಕೇಳಬಾರದು ಎಂದು ಗೊತ್ತು. ಆದರೆ ಎಡೆಯ ಸಿಹಿ ನಿಮಗೆ ಸೇರಬೇಕು. ಕಜ್ಜಾಯ ಕೆಡುವುದಿಲ್ಲ, ಡಬ್ಬಿಗೆ ಹಾಕಿಟ್ಟಿದ್ದೇನೆ. ಕೆಂಗೇರಿಯಲ್ಲಿ ಯಾವ ಕಡೆ ಎಂದು ಅಪೂರ್ವಗಾದರೂ ಹೇಳಿ. ನಾನೇ ಬಂದು ಕೊಟ್ಟು, ಒಂದು ಲೋಟ ನೀರು ಕುಡಿದು ಬರುತ್ತೇನೆ. ನಿಮ್ಮ ತಮ್ಮನ ಮನೆಯವರಿಗೆ ತೊಂದರೆ ಆಗುವುದಾದರೆ ಗೇಟಿನಲ್ಲೇ ನಿಲ್ಲುತ್ತೇನೆ.

ಪುಟ್ಟಲಕ್ಷ್ಮಿ


ಮನಶ್ಶಾಸ್ತ್ರ ವಿಭಾಗ
೪ ಅಕ್ಟೋಬರ್ ೨೦೨೫

ಶ್ರೀಮತಿ ಪುಟ್ಟಲಕ್ಷ್ಮಿ ಅವರಿಗೆ,

ಈ ಪತ್ರವನ್ನು ನಾನು, ಅಪೂರ್ವ, ಬರೆಯುತ್ತಿದ್ದೇನೆ. ಜಗದಾಂಬಾ ಎಂಬವರು ಇಲ್ಲ. ಉದಯಕುಮಾರ್ ಎಂಬವರೂ ಇರಲಿಲ್ಲ. ನಿಮಗೆ ಬಂದ ಎಲ್ಲ ಪತ್ರಗಳನ್ನು ಬರೆದದ್ದು ನಾನೇ.

ಅಧ್ಯಯನದ ಅರ್ಧ ಮಹಿಳೆಯರಿಗೆ ಅವರ ಭಾವನೆಯನ್ನೇ ಹಂಚಿಕೊಳ್ಳುವ ಪತ್ರಗಳು ಹೋಗುತ್ತವೆ, ಉಳಿದವರಿಗೆ ಬರೀ ಕುಶಲ ಸಮಾಚಾರದ ಪತ್ರಗಳು. ಯಾವುದರಿಂದ ಭಾರ ಹೆಚ್ಚು ಇಳಿಯುತ್ತದೆ ಎಂದು ನೋಡುವುದು ನಮ್ಮ ಪ್ರಶ್ನೆ. ಪತ್ರ ಬರೆಯುವವರು ನಿಜವಾದ ವ್ಯಕ್ತಿಯಾದರೆ ಎಲ್ಲರಿಗೂ ಒಂದೇ ಬಗೆಯಲ್ಲಿ ಬರೆಸಲು ಆಗುವುದಿಲ್ಲ. ಅದಕ್ಕಾಗಿ ಈ ವ್ಯವಸ್ಥೆ. ಸಂಶೋಧನೆಯ ನೀತಿ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಕೊನೆಯಲ್ಲಿ ಎಲ್ಲರಿಗೂ ನಿಜ ಹೇಳಬೇಕು ಎಂಬ ಷರತ್ತಿನ ಮೇಲೆ. ನೀವು ಕೆಂಗೇರಿಗೆ ಹೊರಡುವ ಮಾತಾಡಿದ್ದರಿಂದ ನಿಮಗೆ ಮಾತ್ರ ಈಗಲೇ ಹೇಳಲು ನನ್ನ ಮಾರ್ಗದರ್ಶಕರಾದ ಡಾ. ಸುಘೋಷ್ ಅನುಮತಿ ಕೊಟ್ಟರು. ಉಳಿದವರಿಗೆ ಇನ್ನೂ ತಿಳಿಯದು. ಫೆಬ್ರವರಿಯವರೆಗೆ ಈ ವಿಷಯವನ್ನು ಹೊರಗೆ ಹೇಳಬಾರದು ಎಂದು ಕೋರುತ್ತೇವೆ.

ನಿಮ್ಮ ಪತ್ರಗಳನ್ನು ಅಧ್ಯಯನದಿಂದ ಹಿಂದಕ್ಕೆ ಪಡೆಯುವ ಹಕ್ಕು ನಿಮಗಿದೆ. ಮಾತನಾಡಬೇಕು ಎನಿಸಿದರೆ ಆಪ್ತ ಸಲಹೆಗಾರರೊಬ್ಬರು ಇದ್ದಾರೆ.

ಇಲ್ಲಿಯವರೆಗೆ ಬರೆದದ್ದು ವಿಭಾಗದ ಒಕ್ಕಣೆ. ಇದು ನನ್ನದು. ಎಡೆ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಪುರೋಹಿತರು ಬಂದು ಮಾಡಿಸಿ ಹೋಗುತ್ತಾರೆ. ಇಡುವವರಿಲ್ಲ ಎಂದು ಬರೆದಾಗ ಅದು ನನಗೆ ಬರೀ ಒಂದು ದುಃಖದ ಸಾಲಾಗಿತ್ತು. ಮೈಸೂರು ಪಾಕ್, ಕಾಫಿ, ಕಪಾಟಿನ ಇರುವೆ, ಇವೆಲ್ಲ ಬಸವೇಶ್ವರನಗರದಲ್ಲಿರುವ ನನ್ನ ತಾತನದು. ಬರೆಯಲು ಕುಳಿತಾಗ ಅವರೇ ಹೊಳೆದರು.

ಕ್ಷಮಿಸಿ.

ಅಪೂರ್ವ


ಬಸವೇಶ್ವರನಗರ
೨೦ ಅಕ್ಟೋಬರ್ ೨೦೨೫

ಪುಟ್ಟಲಕ್ಷ್ಮಿ ಆಂಟಿಗೆ,

ನಿಮ್ಮ ಉತ್ತರ ಬಂದಿಲ್ಲ. ಫೋನ್ ಮಾಡಿದ್ದೆ. ಜ್ಯೋತಿ ಅವರು ತೆಗೆದು, “ಅಮ್ಮ ಹೊಲೀತಾ ಇದಾರೆ, ಬಿಡುವಿಲ್ಲ” ಎಂದು ಇಟ್ಟುಬಿಟ್ಟರು. ಅವರ ಧ್ವನಿಯಲ್ಲಿ ಬೇಸರವಿತ್ತು. ನ್ಯಾಯವೇ.

ಜಗದಾಂಬಾ ಇಲ್ಲವೆಂದು ತಿಳಿದು ನಿಮಗೆ ಮತ್ತೆ ಒಬ್ಬರನ್ನು ಕಳೆದುಕೊಂಡಂತೆ ಆಗಿರಬಹುದು ಎಂದು ಊಹಿಸುತ್ತೇನೆ. ನೀವು ಬೈದು ಬರೆದರೂ ಸರಿ, ಒಂದು ಸಾಲು ಬರೆಯಿರಿ.

ಅಪೂರ್ವ


ಚಂದ್ರಾ ಲೇಔಟ್
೨ ನವೆಂಬರ್ ೨೦೨೫

ಅಪೂರ್ವ ಅವರಿಗೆ,

ಮೊದಲು ನಿಮ್ಮ ತಾತ ಹೇಗಿದ್ದಾರೆ ಎಂದು ಬರೆಯಿರಿ. ಬದುಕಿರುವವರ ಬಾಯಿರುಚಿ ನೋಡಿ ಎಡೆ ಇಟ್ಟಿದ್ದೇನೆ ಎಂದು ಗೊತ್ತಾದ ಮೇಲೆ ಅಕ್ಕನಿಗೆ ಊಟ ಸೇರುತ್ತಿಲ್ಲ. “ಅಯ್ಯೋ, ಆ ಮುದುಕಪ್ಪಂಗೆ ಏನಾದ್ರೂ ಆದ್ರೆ ನಮ್ಮ ತಲೆಗೇ ಬರುತ್ತೆ ಕಣೇ” ಎಂದು ನನ್ನನ್ನು ತಿನ್ನುತ್ತಿದ್ದಾರೆ. ದೇವಸ್ಥಾನದಲ್ಲಿ ಅವರ ಹೆಸರಿಗೆ ಅರ್ಚನೆ ಮಾಡಿಸಬೇಕೆಂದರೆ ಹೆಸರು ಗೊತ್ತಿಲ್ಲ. ಇದಕ್ಕೇ ಮುಖ್ಯವಾಗಿ ಬರೆಯುತ್ತಿದ್ದೇನೆ.

ಮತ್ತೆ ಒಬ್ಬರನ್ನು ಕಳೆದುಕೊಂಡಂತೆ ಆಗಿರಬಹುದು ಎಂದಿದ್ದೀರಿ. ಅದಲ್ಲ. ಜಗದಾಂಬಾ ಸತ್ತಿದ್ದರೆ ನನಗೆ ಗೊತ್ತಾಗುತ್ತಿತ್ತು, ಏನು ಮಾಡಬೇಕು ಎಂದು. ನನ್ನ ಸಿಟ್ಟಿನ ವಿಷಯವನ್ನು ನಾನು ಒಬ್ಬ ಹೆಂಗಸಿನ ಹತ್ತಿರ ಹೇಳಿಕೊಂಡೆ. ಅವಳು ನನಗೂ ಹಾಗೇ ಎಂದಳು. ನಿಮಗೆ ಮದುವೆಯೂ ಆಗಿಲ್ಲ ಎಂದು ಜ್ಯೋತಿ ಹೇಳುತ್ತಾಳೆ. ಹಾಗಾದರೆ ನನಗೂ ಹಾಗೇ ಎಂದದ್ದು ಯಾರು? ಯಾರೂ ಅಲ್ಲ. ಅಂದರೆ ಹಾಗೆ ಇರುವವಳು ನಾನು ಒಬ್ಬಳೇ ಎಂದಾಯಿತು. ಇನ್ನೊಂದು ಗುಂಪಿಗೆ ನನ್ನನ್ನು ಹಾಕಿದ್ದರೆ, ಅದೇ ಪತ್ರಕ್ಕೆ ನೀವು ಮಳೆ ಬಂತು, ಸೊಪ್ಪು ತಂದೆ ಎಂದು ಬರೆಯುತ್ತಿದ್ದಿರಿ ಅಲ್ಲವೇ? ಇದನ್ನೇ ಯೋಚಿಸುತ್ತಾ ಹೊಲಿಗೆ ತಪ್ಪುತ್ತಿದೆ.

ನಿದ್ದೆ ಚೆನ್ನಾಗಿ ಬರುತ್ತಿತ್ತು ಎಂಬುದೂ ನಿಜ. ನಾನು ಸುಳ್ಳು ಹೇಳುವುದಿಲ್ಲ.

ಬರುವ ವರ್ಷ ಉದಯಕುಮಾರರ ಎಲೆ ಹಾಕಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಅಕ್ಕ ಒಂದು ದಿನ ಹಾಕು ಎನ್ನುತ್ತಾರೆ, ಒಂದು ದಿನ ಬೇಡ ಎನ್ನುತ್ತಾರೆ.

ನನ್ನ ಪತ್ರಗಳು ನನಗೆ ವಾಪಸ್ ಬೇಕು. ನಾನು ಕೈಯಲ್ಲಿ ಬರೆದವು. ಯಾವುದನ್ನೂ ನಿಮ್ಮ ಪುಸ್ತಕಕ್ಕೆ ಹಾಕಬೇಡಿ. ಇನ್ನು ಉಳಿದ ಹೆಂಗಸರ ವಿಷಯ. ನಾನು ಯಾರಿಗೂ ಹೇಳುವುದಿಲ್ಲ, ನನಗೆ ಅವರು ಯಾರೂ ಗೊತ್ತಿಲ್ಲ. ಆದರೆ ನೀವು ಫೆಬ್ರವರಿಯವರೆಗೆ ಕಾಯಬಾರದು. ಅವರೂ ಜಗದಾಂಬಾಗೆ ಅಂತ ಏನಾದರೂ ಎತ್ತಿಟ್ಟಿರುತ್ತಾರೆ.

ಪುಟ್ಟಲಕ್ಷ್ಮಿ


ಬಸವೇಶ್ವರನಗರ
೧೦ ನವೆಂಬರ್ ೨೦೨೫

ಆಂಟಿ,

ತಾತ ಚೆನ್ನಾಗಿದ್ದಾರೆ. ಹೆಸರು ನರಸಿಂಹಮೂರ್ತಿ. ನಿಮ್ಮ ಹೆಸರು ಹೇಳದೆ ವಿಷಯವಷ್ಟೇ ತಿಳಿಸಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. “ಮೂರೇ ತುಂಡಾ?” ಎಂದರು. ಆಮೇಲೆ, “ಅವರ ಮನೇಗೆ ಹೋಗಿ ಕಾಲಿಗೆ ಬಿದ್ದು ಬಾ” ಎಂದರು. ನೀವು ಕರೆಯದೆ ನಾನು ಬರುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ. ಹೌದು, ಇನ್ನೊಂದು ಗುಂಪಿನಲ್ಲಿ ಇದ್ದಿದ್ದರೆ ಸೊಪ್ಪಿನ ವಿಷಯವನ್ನೇ ಬರೆಯುತ್ತಿದ್ದೆ. ಹಾಗೆ ಬರೆದ ಪತ್ರಗಳು ಇವೆ.

ಉಳಿದವರಿಗೆ ಈಗಲೇ ಹೇಳೋಣ ಎಂದು ಸುಘೋಷ್ ಸರ್ ಹತ್ತಿರ ಹೋಗಿದ್ದೆ. “ಒಬ್ಬರ ವಿಷಯಕ್ಕೆ ಎಲ್ಲಾ ನಿಲ್ಸಕ್ಕಾಗುತ್ತೇನಮ್ಮ? ನಿನ್ನ ಮೂರು ವರ್ಷದ ಕೆಲಸ” ಎಂದರು. ಕೊನೆಗೆ ಜಗದಾಂಬಾ ತಂಗಿಯ ಊರಿಗೆ ಹೋದರು ಎಂದು ಎಲ್ಲರಿಗೂ ಬರೆದು ಮುಗಿಸಿ, ಮೂರು ತಿಂಗಳು ಬಿಟ್ಟು ನಿಜ ಹೇಳುವುದು ಅವರ ಯೋಜನೆ. ಅವರು ಕೆಟ್ಟವರಲ್ಲ. ಅವರಿಗೆ ಅಂಕಗಳಲ್ಲಿ ಇಳಿದ ಭಾರ ಕಾಣುತ್ತಿದೆ, ಅದು ಸುಳ್ಳೂ ಅಲ್ಲ.

ನಾನು ನೇರವಾಗಿ ನೀತಿ ಸಮಿತಿಗೆ ಬರೆಯಬಹುದು. ಆದರೆ ತೊಂದರೆ ಆಗಿದೆ ಎಂಬುದಕ್ಕೆ ಏನಾದರೂ ತೋರಿಸಬೇಕು. ನನ್ನ ಹತ್ತಿರ ಇರುವುದು ನಿಮ್ಮ ಎಡೆಯ ಪತ್ರ ಒಂದೇ. ಅದನ್ನು ನಿಮಗೆ ವಾಪಸ್ ಕೊಡಬೇಕು. ನೀವು ಕೇಳಿದ್ದು ಅದನ್ನೇ. ತೋರಿಸಲು ಒಪ್ಪಿಗೆ ಕೊಟ್ಟರೆ ಗುರುತಿಲ್ಲದ ಏಳೆಂಟು ಜನ ಅದನ್ನು ಓದುತ್ತಾರೆ. ಒಪ್ಪದಿದ್ದರೆ ಎಲ್ಲ ಪತ್ರಗಳನ್ನೂ ಈ ವಾರವೇ ಕಳುಹಿಸುತ್ತೇನೆ, ಬೇರೆ ದಾರಿ ನೋಡುತ್ತೇನೆ. ಬೇರೆ ದಾರಿ ಸದ್ಯಕ್ಕೆ ಕಾಣುತ್ತಿಲ್ಲ.

ಅಪೂರ್ವ


ಚಂದ್ರಾ ಲೇಔಟ್
೨೦ ನವೆಂಬರ್ ೨೦೨೫

ಅಪೂರ್ವ,

ನರಸಿಂಹಮೂರ್ತಿ ಅವರ ಹೆಸರಿನಲ್ಲಿ ಅರ್ಚನೆ ಆಯಿತು. ಅಕ್ಕ ಈಗ ಊಟ ಮಾಡುತ್ತಿದ್ದಾರೆ.

ನಿಮ್ಮ ಪತ್ರವನ್ನು ಜ್ಯೋತಿಗೆ ತೋರಿಸಿದೆ. “ಬೇಡಮ್ಮ, ಇಷ್ಟು ಜನ ಓದಿದ್ದು ಸಾಕು” ಎಂದಳು. ಅವಳು ಹೇಳಿದ್ದೂ ಸರಿ. ನಾನು ಒಂದು ವಾರ ಯೋಚನೆ ಮಾಡಿದೆ. ಅಷ್ಟು ಜನ ಕುಳಿತು ನನ್ನ ಕಾಗೆ, ಕಳಶ ಎಲ್ಲ ಓದಿ ನಗುತ್ತಾರೇನೋ ಎನಿಸಿತು. ನಕ್ಕರೆ ನಗಲಿ. ಆ ಪತ್ರ ಒಂದನ್ನು ತೋರಿಸಿ. ಸಿಟ್ಟಿನ ಪತ್ರ ಬೇಡ, ಅದನ್ನು ಯಾರಿಗೂ ತೋರಿಸಬೇಡಿ. ಬ್ರಾಂದಿ ಎಂದು ಇರುವ ಕಡೆ ಮಸಿ ಹಚ್ಚಿಬಿಡಿ. ಜ್ಯೋತಿಯ ಅತ್ತೆ ಮನೆಯವರು ಯಾರೂ ಆ ಸಮಿತಿಯಲ್ಲಿ ಇರುವುದಿಲ್ಲ ಎಂದು ಗೊತ್ತು, ಆದರೂ.

ಇನ್ನೊಂದು ಮಾತು. ತಂಗಿಯ ಊರಿಗೆ ಹೋದಳು ಎಂದು ಅವರಿಗೆ ಬರೆಯಬೇಡಿ. ಇರಲಿಲ್ಲ ಎಂದೇ ಹೇಳಿ. ಪತ್ರದಲ್ಲಿ ಬೇಡ, ಮನೆಗೆ ಹೋಗಿ ಕುಳಿತು ಹೇಳಿ. ನನಗೆ ಪೋಸ್ಟ್‌ಮ್ಯಾನ್ ಕೊಟ್ಟು ಹೋದ. ನಾನು ಬಾಗಿಲಲ್ಲೇ ನಿಂತು ಓದಿದೆ. ಯಾರನ್ನು ಕೇಳುವುದು ಎಂದು ಗೊತ್ತಾಗಲಿಲ್ಲ.

ಪುಟ್ಟಲಕ್ಷ್ಮಿ


ಬಸವೇಶ್ವರನಗರ
೨೨ ಡಿಸೆಂಬರ್ ೨೦೨೫

ಆಂಟಿ,

ಇದರ ಜೊತೆ ನಿಮ್ಮ ಪತ್ರಗಳು ಎಲ್ಲವೂ ಇವೆ. ಟೈಪ್ ಮಾಡಿದ ಪ್ರತಿಗಳನ್ನು ಅಳಿಸಿದ್ದೇವೆ. ಎಡೆಯ ಪತ್ರದಲ್ಲಿ ಎರಡು ಕಡೆ ಮಸಿ ಇದೆ, ಅದು ನಾನು ಹಚ್ಚಿದ್ದು.

ಸಮಿತಿಯಲ್ಲಿ ಯಾರೂ ನಗಲಿಲ್ಲ. ಕುಶಲ ಸಮಾಚಾರದ ಗುಂಪಿನವರೂ ಸೇರಿ ಎಲ್ಲರಿಗೂ ಕೂಡಲೇ ನಿಜ ಹೇಳಬೇಕು, ಅಧ್ಯಯನ ಇಲ್ಲಿಗೆ ನಿಲ್ಲಬೇಕು ಎಂದರು. ಸುಘೋಷ್ ಸರ್ ನನ್ನ ಜೊತೆ ಈಗ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ. ನಾನು ಬೇರೆ ವಿಷಯ ಹುಡುಕಿಕೊಳ್ಳಬೇಕು. ಅದು ಇರಲಿ.

ನೀವು ಹೇಳಿದ ಹಾಗೆ ಮನೆಮನೆಗೆ ಹೋದೆ. ಒಬ್ಬರು ನನ್ನನ್ನು ಒಳಗೆ ಬಿಡಲಿಲ್ಲ. ವಿಜಯನಗರದಲ್ಲಿ ಒಬ್ಬರು ಎಲ್ಲ ಕೇಳಿಸಿಕೊಂಡು ಕೊನೆಗೆ, “ಆಯ್ತಮ್ಮ, ಜಗದಾಂಬಾ ಸಿಕ್ಕಿದ್ರೆ ನಾನು ಕೇಳ್ದೆ ಅಂತ ಹೇಳು” ಎಂದರು. ಇನ್ನೊಬ್ಬರು ಹೆಣೆದ ಸ್ವೆಟರ್ ತೋರಿಸಿದರು.

ಕೆಂಗೇರಿ ಉಪನಗರದಲ್ಲಿ ಅಣ್ಣಮ್ಮ ಎಂಬವರಿದ್ದಾರೆ. ಗಂಡ ತೀರಿಕೊಂಡು ವರ್ಷ ಆಗಿದೆ. ನಾನು ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ. “ನಿಮ್ಮ ಕಳ್ಳಾಟ ಹಿಡಿದುಹಾಕಿದ್ರಲ್ಲ ಆ ಇನ್ನೊಬ್ರು, ಅವ್ರಾದ್ರೂ ಇದಾರಾ? ಇಲ್ಲಾ ಅದೂ ನೀವೇನಾ?” ಇದ್ದಾರೆ ಎಂದೆ. ನಂಬಲಿಲ್ಲ. ನೀವು ಒಪ್ಪಿದರೆ ತಮ್ಮ ವಿಳಾಸ ನಿಮಗೆ ಕೊಡಬಹುದು ಎಂದಿದ್ದಾರೆ. ನಿನ್ನೆ ಫೋನಿನಲ್ಲಿ ನೀವು ಹೂಂ ಎಂದದ್ದರಿಂದ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಇನ್ನು ಮುಂದೆ ನಿಮ್ಮ ಪತ್ರ ನನ್ನ ಕೈ ಮೂಲಕ ಹೋಗುವುದಿಲ್ಲ.

ಅಪೂರ್ವ


ಚಂದ್ರಾ ಲೇಔಟ್
೪ ಜನವರಿ ೨೦೨೬

ಅಣ್ಣಮ್ಮ ಅವರಿಗೆ ನಮಸ್ಕಾರ.

ನನ್ನ ಹೆಸರು ಪುಟ್ಟಲಕ್ಷ್ಮಿ. ನಿಮಗೂ ಜಗದಾಂಬಾ ಎಂಬವರಿಂದ ಪತ್ರ ಬರುತ್ತಿತ್ತಂತೆ. ನನಗೂ ಬರುತ್ತಿತ್ತು. ಇದನ್ನು ನಾನೇ ಕೈಯಲ್ಲಿ ಬರೆದು, ನಾನೇ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ನಡುವೆ ಯಾರೂ ಇಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ನಾನು ಇದ್ದೇನೆ ಎಂದು ನೀವು ನಂಬಲಿಲ್ಲವಂತೆ. ನನಗೆ ಬೇಸರವಿಲ್ಲ. ನನಗೂ ನೀವು ಇದ್ದೀರಿ ಎಂದು ಪೂರ್ತಿ ನಂಬಿಕೆ ಬಂದಿಲ್ಲ. ಜಗದಾಂಬಾನೂ ಕೆಂಗೇರಿಯವರೇ ಆಗಿದ್ದರಲ್ಲ.

ನನ್ನ ವಿಷಯ ಏನೂ ಬರೆಯುವುದಿಲ್ಲ, ನಿಮ್ಮ ವಿಷಯವೂ ಕೇಳುವುದಿಲ್ಲ. ಕಾಗದದಲ್ಲಿ ಇನ್ನು ಆಗದು. ಎದುರಿಗೆ ಕುಳಿತಾಗ ಬಾಯಿಗೆ ಬಂದರೆ ಹೇಳುತ್ತೇನೆ, ಬಾರದಿದ್ದರೆ ಟೀವಿ ನೋಡೋಣ.

ಚಂದ್ರಾ ಲೇಔಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹಾಲಿನ ಬೂತ್ ದಾಟಿ ಎಡಕ್ಕೆ ಬನ್ನಿ. ಗೇಟಿನ ಮೇಲೆ ಫಾಲ್ಸ್ ಹಾಕಿಕೊಡಲಾಗುವುದು ಎಂದು ಬೋರ್ಡ್ ಇದೆ. ಈ ಹಾಳೆಯ ಹಿಂದೆ ನನ್ನ ಫೋನ್ ನಂಬರ್ ಇದೆ, ದಾರಿ ತಪ್ಪಿದರೆ ಮಾಡಿ. ಯಾವ ದಿನವಾದರೂ ಸರಿ, ನಾನು ಮನೆಯಲ್ಲೇ ಇರುತ್ತೇನೆ. ನಮ್ಮ ಯಜಮಾನರ ಅಕ್ಕ ಜೊತೆಗಿದ್ದಾರೆ. ವಿಷಯ ಕೇಳಿ, “ಬಂದ್ರೆ ನಾನು ಮೊದ್ಲು ಕೈ ಮುಟ್ಟಿ ನೋಡ್ತೀನಿ ಕಣೇ, ಆಮೇಲೆ ಕಾಫಿ” ಎಂದಿದ್ದಾರೆ. ಮುಟ್ಟಿದರೆ ತಪ್ಪು ತಿಳಿಯಬೇಡಿ.

ಈ ಪತ್ರಕ್ಕೆ ಉತ್ತರ ಬರೆಯಬೇಡಿ. ನೀವು ಇರುವುದು ನಿಜವಾದರೆ, ಬನ್ನಿ.

ಪುಟ್ಟಲಕ್ಷ್ಮಿ